ಇಂಚಿನ ಮಷಿನ್, ಮಿಲಿಮೀಟರ್ ರಿಪೇರಿ

ಕೊಡಗಿನ ಮಾದಾಪುರದ ಕಡೆ ಮಾವನ ತೋಟದ ಶೆಡ್‌ನಲ್ಲಿ ಒಂದು ಹಳೇ ಪಿಲ್ಲರ್ ಡ್ರಿಲ್ (ಕಂಬದ ಮೇಲೆ ಕೂರಿಸಿದ, ತೂತು ಕೊರೆಯೋ ಮಷಿನ್) ಇತ್ತು. ನಾನು ನೋಡಿದಾಗಿನಿಂದ ಅದು ತೂತು ಕೊರೆದದ್ದಿಲ್ಲ. ಗೊಬ್ಬರದ ಖಾಲಿ ಚೀಲ ನೇತುಹಾಕೋಕೆ, ಮುರಿದ ಸ್ಪ್ರೇಯರ್ ಒರಗಿಸೋಕೆ, ಕೋಳಿ ಹತ್ತಿ ಕೂರೋಕೆ ಒಂದು ಕಂಬ, ಅಷ್ಟೇ. 2018ರ ಆಗಸ್ಟ್ ಮಳೆಯಲ್ಲಿ ಶೆಡ್‌ನ ಹಿಂದಿನ ಬರೆ (ಮಣ್ಣಿನ ದಿಬ್ಬ) ಕುಸಿದು ಕೆಸರು ಒಳಗೆ ನುಗ್ಗಿತು, ಮಷಿನ್ನಿನ ಬುಡ ಮೊಣಕಾಲುದ್ದ ಹೂತುಹೋಯಿತು. ಆ ವರ್ಷ ಆ ಕಡೆಯವರಿಗೆ ಮನೆ ಉಳಿಯುತ್ತೋ ಇಲ್ಲವೋ ಅನ್ನೋದೇ ಚಿಂತೆ. ಡ್ರಿಲ್ಲನ್ನು ಯಾರು ಕೇಳುತ್ತಾರೆ? ಕೆಸರು ಒಣಗಿತು, ಅದು ಅಲ್ಲೇ ನಿಂತಿತ್ತು.

ಕಳೆದ ವರ್ಷ ಮಾವ ಶೆಡ್ ಕೆಡವಿ ಹೊಸದು ಕಟ್ಟೋಕೆ ಹೊರಟರು. ಗುಜರಿಯವನು ಬಂದು, ಒಂದು ಸುತ್ತು ಹೊಡೆದು, ಎಲ್ಲದಕ್ಕೂ ಸೇರಿಸಿ ಕಿಲೋ ಲೆಕ್ಕದಲ್ಲಿ ರೇಟ್ ಹೇಳಿದ. ನಾನು ಅಲ್ಲೇ ಇದ್ದೆ.

"ಮಾವ, ಆ ಡ್ರಿಲ್ ನನಗಿರಲಿ."

"ತಗೊಂಡು ಹೋಗು. ನಿನ್ನ ಅವ್ವನ ಹತ್ತಿರ ಮಾತ್ರ ನಾನು ಕೊಟ್ಟೆ ಅಂತ ಹೇಳಬೇಡ."

ನಾಲ್ಕು ಜನ ಸೇರಿ ಪಿಕಪ್‌ಗೆ ಹತ್ತಿಸಿದೆವು. ಸುಂಟಿಕೊಪ್ಪದ ಹತ್ತಿರ ಇರುವ ನಮ್ಮ ಮನೆಯ ಕಣಕ್ಕೆ ಬಂದು ಇಳಿಸುವಾಗ ಅವ್ವ ಬಾಗಿಲಲ್ಲಿ ನಿಂತು ನೋಡಿದರು, ಏನೂ ಹೇಳಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ.

ನನಗೆ ಇದು ಸುಮ್ನೆ ಶೋಕಿಗೆ ಬೇಕಾಗಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಇರುವ ಮನೆಯಲ್ಲಿ ವರ್ಷಕ್ಕೆ ಹತ್ತು ಸಲ ದಪ್ಪ ಪಟ್ಟಿಗೆ ತೂತು ಕೊರೆಯೋ ಕೆಲಸ ಬರುತ್ತದೆ. ಬ್ರಾಕೆಟ್ ಮುರಿಯುತ್ತದೆ, ಮೋಟಾರ್ ಕೂರಿಸೋ ಪ್ಲೇಟ್ ಸವೆಯುತ್ತದೆ, ಗೇಟಿನ ಕೀಲು ಹೋಗುತ್ತದೆ. ಕೈ ಡ್ರಿಲ್ಲಿನಲ್ಲಿ 10 ಮಿಲಿಮೀಟರ್ ಪಟ್ಟಿಗೆ ತೂತು ಕೊರೆದು ನೋಡಿ, ಮೇಲೆ ಒಂದು ಕಡೆ ಶುರುವಾಗಿ ಕೆಳಗೆ ಇನ್ನೊಂದು ಕಡೆ ಹೊರಗೆ ಬರುತ್ತದೆ. ನಾಲ್ಕು ತೂತಿಗೆ ನಾಲ್ಕು ಬೋಲ್ಟ್ ಕೂರಬೇಕಾದರೆ ಎರಡು ಕೂರುತ್ತವೆ, ಉಳಿದೆರಡಕ್ಕೆ ಅರ ಹಾಕಿ ಉಜ್ಜೋದು.

ಜೂನ್‌ನಲ್ಲಿ ಶುರು ಮಾಡಿದೆ. ಮರಗಸಿ (ನೆರಳು ಮರಗಳ ಕೊಂಬೆ ಕಡಿಯೋ ಕೆಲಸ) ಮುಗಿದಿತ್ತು, ಮಳೆ ಹಿಡಿದಿತ್ತು, ತೋಟಕ್ಕೆ ಹೋದರೆ ಜಿಗಣೆ. ಗೋದಾಮಿನ ಮೂಲೆಯಲ್ಲಿ ಒಂದು ಬೆಂಚು, ಒಂದು ಬಲ್ಬು, ಕರೆಂಟ್ ಇದ್ದರೆ.

ಮೊದಲ ದಿನವೇ ತಲೆ ಕೆಟ್ಟಿತು. ತಲೆಭಾಗವನ್ನು ಕಂಬಕ್ಕೆ ಬಿಗಿದಿರುವ ಎರಡು ಬೋಲ್ಟ್ ಬಿಚ್ಚಬೇಕು. 15ರ ಸ್ಪ್ಯಾನರ್ ಹೋಗಲ್ಲ. 16ರದ್ದು ಹಾಕಿದರೆ ಜಾರುತ್ತದೆ. ಟಾರ್ಚ್ ಹಿಡಿದು ನೋಡಿದರೆ ಬೋಲ್ಟಿನ ಆರು ಮೂಲೆಗಳಲ್ಲಿ ನಾಲ್ಕು ಆಗಲೇ ಗುಂಡಗಾಗಿವೆ. ನನಗಿಂತ ಮೊದಲು ಯಾರೋ, ಬಹುಶಃ ನನ್ನ ಹಾಗೇ ಒಂದು ಮಳೆಗಾಲದಲ್ಲಿ, 16ರದ್ದೇ ಹಾಕಿ ತಿರುಗಿಸಿ ಬೈದುಕೊಂಡು ಬಿಟ್ಟಿದ್ದಾರೆ.

ಪೇಟೆಯಲ್ಲಿ ಲೇತ್ ಇಟ್ಟಿರುವ ಇಕ್ಕನ ಹತ್ತಿರ ಫೋಟೋ ತೋರಿಸಿದೆ. ಅವರು ಫೋನ್ ಕೂಡ ಸರಿಯಾಗಿ ನೋಡಲಿಲ್ಲ. "ಇಂಚಿನದು ಮಾರಾಯ. ವಿಟ್‌ವರ್ತ್. ಬಿಳಿಯರ ಕಾಲದ ಮಷಿನ್‌ಗೆ ನೀನು ಈಗಿನ ಸ್ಪ್ಯಾನರ್ ಹಾಕಿದರೆ?" ಅಂತ ನಕ್ಕು, ಅವರ ಅಪ್ಪನ ಕಾಲದ ಒಂದು ಡಬ್ಬಿಯಿಂದ ಕಪ್ಪಗಿನ ಸ್ಪ್ಯಾನರ್ ತೆಗೆದು ಕೊಟ್ಟರು. ಅದರ ಮೇಲೆ 5/16 ಡಬ್ಲ್ಯೂ ಅಂತ ಕೊರೆದಿತ್ತು. ಗಮ್ಮತ್ತು ಏನೆಂದರೆ, ಆ 5/16 ಅನ್ನೋದು ಸ್ಪ್ಯಾನರಿನ ಬಾಯಿಯ ಅಳತೆ ಅಲ್ಲ, ಬೋಲ್ಟಿನ ಕಾಂಡದ ದಪ್ಪ. ಬಾಯಿಯ ಅಳತೆ 0.600 ಇಂಚು, ಅಂದರೆ 15.24 ಮಿಲಿಮೀಟರ್. ಅದಕ್ಕೇ 15 ಹೋಗಲ್ಲ, 16 ಜಾರುತ್ತದೆ. ಜೋಸೆಫ್ ವಿಟ್‌ವರ್ತ್ ಅನ್ನೋ ಇಂಗ್ಲಿಷ್ ಇಂಜಿನಿಯರ್ 1841ರಲ್ಲಿ ಮುಂದಿಟ್ಟ ಮರೆಯ (ಬೋಲ್ಟಿನ ತಿರುಪಿನ) ಲೆಕ್ಕ ಅದು. ಅವನ ಮರೆಯ ಹಲ್ಲಿನ ಕೋನ 55 ಡಿಗ್ರಿ, ಈಗ ನಾವು ಅಂಗಡಿಯಲ್ಲಿ ಕೊಳ್ಳುವ ಎಂ (ಮೆಟ್ರಿಕ್) ಬೋಲ್ಟ್‌ನದ್ದು 60. ನಮ್ಮ ದೇಶದಲ್ಲಿ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ, ಜಾರಿಗೆ ಬರೋಕೆ ಶುರುವಾದದ್ದು 1958ರ ಅಕ್ಟೋಬರ್‌ನಿಂದ. ಮಷಿನ್ನಿಗೆ ಹೆಸರಿನ ತಗಡಿಲ್ಲ, ಎರಡು ರಿವೆಟ್ ತೂತು ಮಾತ್ರ ಉಳಿದಿವೆ, ಹಾಗಾಗಿ ಯಾವ ಕಂಪನಿ, ಯಾವ ವರ್ಷ ಅಂತ ಹೇಳೋ ಹಾಗಿಲ್ಲ. ಮೈಯೆಲ್ಲಾ ಇಂಚು ಅನ್ನೋದೊಂದು ಗೊತ್ತಾಯಿತು.

ಇಕ್ಕನ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದೆ. ಟಕ್ ಅಂತು. ಬಿಟ್ಟುಕೊಂಡಿತು. ಅಷ್ಟೇ ಬೇಕಿತ್ತು ಅದಕ್ಕೆ.

ಮೇಜು ಮಾತ್ರ ಅಷ್ಟು ಸುಲಭಕ್ಕೆ ಬರಲಿಲ್ಲ. ಕಂಬಕ್ಕೂ ಮೇಜಿನ ತೋಳಿಗೂ ನಡುವೆ ತುಕ್ಕು ಬೆಳೆದು ಎರಡೂ ಒಂದೇ ಆಗಿಬಿಟ್ಟಿತ್ತು. ಡೀಸೆಲ್ ಹಾಕಿದೆ, ಸೀಮೆಎಣ್ಣೆ ಹಾಕಿದೆ, ದಿನಾ ಬೆಳಿಗ್ಗೆ ಕಾಫಿ ಕುಡಿದು ಹೋಗಿ ಮರದ ಕೊಡತಿಯಲ್ಲಿ ನಾಲ್ಕು ಏಟು ಹಾಕಿ ಬರೋದು. ಕಬ್ಬಿಣದ ಸುತ್ತಿಗೆ ಮುಟ್ಟಲಿಲ್ಲ, ತೋಳು ಬೀಡು ಕಬ್ಬಿಣದ್ದು, ಬೀಡು ಬಗ್ಗಲ್ಲ, ಒಡೆಯುತ್ತದೆ. ಎಂಟನೇ ದಿನ ಬ್ಲೋಲ್ಯಾಂಪ್ ಹಿಡಿದು ತೋಳನ್ನು ಮಾತ್ರ ಬಿಸಿ ಮಾಡಿದೆ, ಕಂಬ ತಣ್ಣಗೇ ಇರಬೇಕು, ಹೊರಗಿನದು ಹಿಗ್ಗಿದರೆ ತಾನೇ ಬಿಡೋದು. ಒಂದು ಕೂದಲೆಳೆಯಷ್ಟು ತಿರುಗಿತು. ಆಮೇಲೆ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಸಂಜೆ ಹೊತ್ತಿಗೆ ಕೆಂಪು ಪುಡಿ ಉದುರಿಸುತ್ತಾ ಹೊರಗೆ ಬಂತು.

ಆಗ ಸಿಕ್ಕಿತು ಎರಡನೇ ರಿಪೇರಿ. ಮೇಜಿನ ತೋಳನ್ನು ಬಿಗಿಯೋ ಬೋಲ್ಟಿನ ತೂತು ಅಸಲಿಗೆ 3/8 ಇಂಚಿನ ಮರೆ, ಅಂದರೆ 9.5 ಮಿಲಿಮೀಟರ್ ಚಿಲ್ಲರೆ, ಇಂಚಿಗೆ 16 ಹಲ್ಲು. ಯಾರೋ ಅದಕ್ಕೆ ಎಂ10 ಬೋಲ್ಟ್ ಹೊಡೆದಿದ್ದಾರೆ. ಒಂದು ಹಲ್ಲಿಂದ ಇನ್ನೊಂದು ಹಲ್ಲಿಗೆ ಒಂದರಲ್ಲಿ 1.59, ಇನ್ನೊಂದರಲ್ಲಿ 1.5. ತೀರಾ ಬೇರೆಯಾಗಿದ್ದರೆ ಯಾರೂ ಪ್ರಯತ್ನ ಮಾಡುತ್ತಿರಲಿಲ್ಲ. ಹತ್ತಿರ ಹತ್ತಿರ ಒಂದೇ, ಅದೇ ತೊಂದರೆ. ಬಲವಂತ ಮಾಡಿ ತಿರುಗಿಸಿದ್ದಾರೆ, ಎರಡೂ ಕಡೆಯ ಹಲ್ಲು ಹುಡಿಯಾಗಿದೆ. ಇಕ್ಕ ಅದನ್ನು ದೊಡ್ಡದು ಮಾಡಿ ಒಳಗೆ ಒಂದು ಬುಷ್ (ಲೋಹದ ಕೊಳವೆ) ಕೂರಿಸಿ 3/8 ಮರೆಯನ್ನೇ ವಾಪಸ್ ಹಾಕಿಕೊಟ್ಟರು. ಎಂ12 ಮಾಡಿಬಿಡೋಣವಾ ಅಂತ ನಾನು ಕೇಳಿದ್ದೆ. ಅವರು ನನ್ನ ಮುಖ ನೋಡಿದ ರೀತಿ ನೋಡಿ ಸುಮ್ಮನಾದೆ.

ತುಕ್ಕಿನ ವಿಷಯ. ಇದರ ಬಗ್ಗೆ ಸಿಕ್ಕವರೆಲ್ಲಾ ಒಂದೊಂದು ಔಷಧಿ ಹೇಳುತ್ತಾರೆ. ಹುಣಸೆಹುಳಿ, ನಿಂಬೆ ಉಪ್ಪು, ಬ್ಯಾಟರಿ ಆ್ಯಸಿಡ್ (ದಯವಿಟ್ಟು ಬೇಡ). ಕೆಲಸಕ್ಕೆ ಬರುವ ಹುಡುಗ "ಅಣ್ಣ, ಕಾಚಂಪುಳಿ ಹಾಕಿ, ಕರಗಿಹೋಗುತ್ತೆ" ಅಂದ. ಹಂದಿ ಸಾರಿಗೆ ಹಾಕೋ ನಮ್ಮ ಕಪ್ಪು ಹುಳಿಯಲ್ಲವಾ, ಕರಗಿಸುತ್ತದೇನೋ ಹೌದು, ಆದರೆ ಅಷ್ಟು ಕಾಚಂಪುಳಿಯಲ್ಲಿ ಎಷ್ಟು ಪಂದಿಕರಿ ಆಗುತ್ತದೆ ಅಂತ ಅವ್ವ ಲೆಕ್ಕ ಹಾಕೋಕೆ ಶುರು ಮಾಡಿದರೆ ನಾನೂ ಮಷಿನ್ನೂ ಒಟ್ಟಿಗೇ ಗುಜರಿಗೆ.

ನಾನು ಮಾಡಿದ್ದು ಸೋಡಾ ಮತ್ತು ಬ್ಯಾಟರಿ ಚಾರ್ಜರ್. ಪ್ಲಾಸ್ಟಿಕ್ ಡ್ರಮ್ಮಿಗೆ ನೀರು, 10 ಲೀಟರಿಗೆ ಸುಮಾರು 100 ಗ್ರಾಂ ಬಟ್ಟೆ ಒಗೆಯೋ ಸೋಡಾ. ತುಕ್ಕು ಹಿಡಿದ ಭಾಗವನ್ನು ತಂತಿ ಕಟ್ಟಿ ನೀರಿನಲ್ಲಿ ನೇತುಬಿಟ್ಟು ಚಾರ್ಜರಿನ ಮೈನಸ್‌ಗೆ ಸಿಕ್ಕಿಸೋದು, ಪ್ಲಸ್‌ಗೆ ಒಂದು ಹಳೇ ಸೆಂಟ್ರಿಂಗ್ ಸರಳು, ಎರಡೂ ಒಂದಕ್ಕೊಂದು ತಾಗಬಾರದು. ಉಲ್ಟಾ ಕೊಟ್ಟರೆ ಸರಳು ಉಳಿಯುತ್ತದೆ, ನಿಮ್ಮ ಮಷಿನ್ ಸವೆಯುತ್ತದೆ. ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಬೇಡಿ, ಅದರಲ್ಲಿರುವ ಕ್ರೋಮಿಯಂ ನೀರಿಗೆ ವಿಷವಾಗಿ ಇಳಿಯುತ್ತದೆ. ಗುಳ್ಳೆ ಬರುವುದು ಹೈಡ್ರೋಜನ್, ಮುಚ್ಚಿದ ಕೋಣೆ ಬೇಡ, ಹತ್ತಿರ ಬೀಡಿ ಹಚ್ಚೋದೂ ಬೇಡ. ನಾನು ಗೋದಾಮಿನ ಜಗಲಿಯಲ್ಲಿಟ್ಟಿದ್ದೆ. ಒಂದು ರಾತ್ರಿಯ ಕೆಲಸ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅವರ ಊರಲ್ಲಿ ರಾತ್ರಿಯಿಡೀ ಕರೆಂಟ್ ಇರುತ್ತದೆ. ನನಗೆ ಒಂದೊಂದು ಭಾಗಕ್ಕೂ ಮೂರು ನಾಲ್ಕು ದಿನ ಹಿಡಿಯಿತು. ತೆಗೆದಾಗ ಕಪ್ಪು ಮಸಿ ಮೆತ್ತಿಕೊಂಡಿರುತ್ತದೆ, ಬ್ರಷ್ ಹಾಕಿ ಉಜ್ಜಿದರೆ ಕೆಳಗೆ ಬೂದು ಬಣ್ಣದ ಒಳ್ಳೇ ಬೀಡು. ಕೂಡಲೇ ಒರೆಸಿ, ಬಿಸಿ ಮಾಡಿ ಒಣಗಿಸಿ, ಎಣ್ಣೆ ಸವರಬೇಕು. ಜುಲೈ ತಿಂಗಳ ನಮ್ಮ ಗಾಳಿಯಲ್ಲಿ ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪಗಾಗುತ್ತದೆ, ಉತ್ಪ್ರೇಕ್ಷೆ ಅಲ್ಲ, ಆಗಿದೆ.

ಸ್ಪ್ರಿಂಗನ್ನು ಮಾತ್ರ ಆ ಡ್ರಮ್ಮಿಗೆ ಹಾಕಬಾರದು, ಹೈಡ್ರೋಜನ್ ಹೊಕ್ಕಿ ಪೆಡಸಾಗಿ ಮುರಿಯುತ್ತದೆ. ಇದನ್ನು ಓದಿ ತಿಳಿದುಕೊಂಡೆ. ಅದೇ ಸ್ಪ್ರಿಂಗಿನ ಇನ್ನೊಂದು ಗುಣವನ್ನು ಓದದೇ ತಿಳಿದುಕೊಂಡೆ. ಹಿಡಿ ಬಿಟ್ಟರೆ ಡ್ರಿಲ್ ತಾನಾಗಿ ಮೇಲಕ್ಕೆ ಹೋಗುತ್ತದಲ್ಲ, ಅದು ಆ ಸ್ಪ್ರಿಂಗಿನ ಕೆಲಸ. ಮಷಿನ್ನಿನ ಎಡಗಡೆ ಒಂದು ದುಂಡು ಮುಚ್ಚಳ, ಒಳಗೆ ಗಡಿಯಾರದ ಸ್ಪ್ರಿಂಗಿನ ಹಾಗೆ ಚಪ್ಪಟೆ ಪಟ್ಟಿ ಸುತ್ತಿ ಕೂತಿರುತ್ತದೆ. ಎಷ್ಟು ವರ್ಷ ಸುಮ್ಮನೆ ನಿಂತಿದ್ದರೂ ಅದರ ಬಿಗಿ ಹೋಗಿರಲ್ಲ. ನಾನು ನಟ್ಟು ಸಡಿಲಿಸಿ, ಮುಚ್ಚಳ ಹಿಡಿದುಕೊಳ್ಳದೇ, ಇಣುಕಿ ನೋಡೋಕೆ ಹೋದೆ. ಮುಚ್ಚಳ ಬುರ್ ಅಂತ ತಿರುಗಿ, ಪಟ್ಟಿಯ ತುದಿ ಹೊರಗೆ ಚಿಮ್ಮಿ ಬಲಗೈ ಹೆಬ್ಬೆರಳಿನ ಬುಡ ಸೀಳಿತು. ಮೂರು ಹೊಲಿಗೆ. ಡಾಕ್ಟರ್ "ಕತ್ತಿಯಾ?" ಅಂತ ಕೇಳಿದರು, ತೋಟದವರಿಗೆ ಅದೇ ಮಾಮೂಲಿ. "ಅಲ್ಲ, ಸ್ಪ್ರಿಂಗ್" ಅಂದೆ. ದಪ್ಪ ಗ್ಲೌಸ್ ಹಾಕಿ, ಮುಚ್ಚಳವನ್ನು ಗಟ್ಟಿಯಾಗಿ ಹಿಡಿದು, ಕಾಲು ಸುತ್ತು ಕಾಲು ಸುತ್ತಾಗಿ ಬಿಡಬೇಕು. ಮುಖ ದೂರ ಇರಲಿ.

ಹತ್ತು ದಿನ ಮಷಿನ್ ಮುಟ್ಟಲಿಲ್ಲ. ಅಷ್ಟು ದಿನವೂ ಅವ್ವ ಒಂದು ಮಾತೂ ಆಡಲಿಲ್ಲ.

ಇನ್ನು ಅಸಲಿ ಕಥೆ. ಮಷಿನ್ ತಂದ ದಿನವೇ ಡ್ರಿಲ್ ಬಿಟ್ ಕಚ್ಚಿಕೊಳ್ಳೋ ಚಕ್ ಹಿಡಿದು ಅಲ್ಲಾಡಿಸಿದ್ದೆ, ಗಡಗಡ ಅಂದಿತ್ತು. ನೋಡಿದವರೆಲ್ಲಾ "ಬೇರಿಂಗ್ ಹೋಗಿದೆ, ಎರಡು ಬೇರಿಂಗ್ ಹಾಕಿದರೆ ಆಯ್ತು" ಅಂದರು. ಸರಿ, ಚಕ್ಕನ್ನು ತಿರುಗಿಸೋ ಸರಳು, ಅಂದರೆ ಸ್ಪಿಂಡಲ್, ಹೊರಗೆ ಎಳೆದೆ. ಕೆಳಗಿನ ಬೇರಿಂಗ್ ಮೇಲೆ 6204 ಅಂತ ನಂಬರ್. ಎಲ್ಲಿ ಕೇಳಿದರೂ ಸಿಗುವ ಬೇರಿಂಗ್, ಒಳಗೆ 20 ಮಿಲಿಮೀಟರ್, ಹೊರಗೆ 47, ದಪ್ಪ 14. ಖುಷಿಯಾಯಿತು, ಅಲ್ಲೇ ಹೋಗಿ ಎರಡು ಹೊಸದು ತಂದೆ. ಹಳೇದನ್ನು ಪುಲ್ಲರ್ ಹಾಕಿ ಎಳೆಯೋಣ ಅಂತ ನೋಡಿದರೆ ಪುಲ್ಲರ್ ಬೇಕೇ ಆಗಲಿಲ್ಲ, ಕೈಯಲ್ಲೇ ಬಂತು. ಅದರ ಜೊತೆ ಒಳಗಿಂದ ಸುರುಳಿ ಸುತ್ತಿದ ಒಂದು ತಗಡೂ ಬಂತು.

ತಗಡನ್ನು ಬಿಡಿಸಿ ಸೀಮೆಎಣ್ಣೆಯಲ್ಲಿ ಒರೆಸಿದೆ. ಒಂದು ಬದಿಯಲ್ಲಿ ಹಳದಿ ಬಣ್ಣ, ಅದರ ಮೇಲೆ ಅರ್ಧ ಹಸಿರು ಮರದ ಚಿತ್ರ. ಯಾವುದೋ ಎಣ್ಣೆ ಡಬ್ಬಿಯನ್ನು ಕತ್ತರಿಯಲ್ಲಿ ಕತ್ತರಿಸಿ ಸ್ಪಿಂಡಲ್ಲಿಗೆ ಎರಡು ಸುತ್ತು ಸುತ್ತಿದ್ದಾರೆ. ಹೊರಗಡೆಯೂ ಅಷ್ಟೇ, ಬೇರಿಂಗ್ ಕೂರುವ ಗೂಡಿಗೆ ಅದೇ ಡಬ್ಬಿಯ ತಗಡು ಒಂದು ಸುತ್ತು. ವರ್ನಿಯರ್ ಹಿಡಿದು ಅಳೆದೆ. ಸ್ಪಿಂಡಲ್ 19.05. ಮುಕ್ಕಾಲು ಇಂಚು! ಗೂಡು 47.6, ಒಂದು ಇಂಚು ಮತ್ತು ಏಳು ಬೈ ಎಂಟು. 20 ಮಿಲಿಮೀಟರಿನ ತೂತಿನೊಳಗೆ ಮುಕ್ಕಾಲು ಇಂಚಿನ ಸರಳು ಹಾಕಿ, ಮಧ್ಯದ ಸಂದಿಗೆ ಎಣ್ಣೆ ಡಬ್ಬಿ ತುರುಕಿ ಇಷ್ಟು ವರ್ಷ ಓಡಿಸಿದ್ದಾರೆ.

ಮೊದಲು ನಗು ಬಂತು, ಆಮೇಲೆ ಸಿಟ್ಟು, ಆಮೇಲೆ ಆ ತಗಡಿನ ಅಂಚು ನೋಡಿದೆ. ಎಷ್ಟು ನೀಟಾಗಿ ಕತ್ತರಿಸಿದ್ದಾರೆ ಅಂದರೆ ಎರಡು ತುದಿಯೂ ಒಂದರ ಪಕ್ಕ ಒಂದು ಸರಿಯಾಗಿ ಕೂರುತ್ತಿತ್ತು, ಒಂದರ ಮೇಲೊಂದು ಏರಿರಲಿಲ್ಲ. ಕಾಫಿ ಹಣ್ಣಾಗಿ ಪಲ್ಪರ್ ನಿಂತಿರುವ ದಿನ, ಬೇರಿಂಗ್ ಅಂಗಡಿ ಮೈಸೂರಿನಲ್ಲಿ, ಕೈಯಲ್ಲಿ ಒಂದು ಕತ್ತರಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ, ಇಷ್ಟು ನೀಟಾಗಿ ಅಲ್ಲ. ತಗಡನ್ನು ಎಸೆದಿಲ್ಲ, ಡಬ್ಬಿಯಲ್ಲಿಟ್ಟಿದ್ದೇನೆ.

ಇಂಚಿನ ಬೇರಿಂಗ್ ಈಗಲೂ ಸಿಗುತ್ತದೆ. ಇದಕ್ಕೆ ಬೇಕಾದ್ದು ಆರ್‌ಎಲ್‌ಎಸ್ 6, ಹಳೇ ಇಂಗ್ಲಿಷ್ ಬೈಕ್ ಇಟ್ಟಿರುವವರಿಗೆ ಈ ಜಾತಿಯ ನಂಬರ್ ಗೊತ್ತಿರುತ್ತದೆ. ಮೈಸೂರಿಗೆ ಫೋನ್ ಮಾಡಿ ಹೇಳಿಟ್ಟೆ, ಎರಡು ವಾರ ಕಾದೆ, 6204ಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕೊಟ್ಟೆ. ಸ್ಪಿಂಡಲ್ಲನ್ನು ರಾತ್ರಿಯಿಡೀ ಫ್ರೀಝರ್‌ನಲ್ಲಿ ಹಂದಿಮಾಂಸದ ಪಕ್ಕ ಮಲಗಿಸಿ, ಬೆಳಿಗ್ಗೆ ಬೇರಿಂಗನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ತೆಗೆದು ಹಾಕಿದೆ. ಜಾರಿಕೊಂಡು ಹೋಗಿ ತನ್ನ ಜಾಗದಲ್ಲಿ ಟಣ್ ಅಂತ ಕೂತಿತು. ಮೂರು ಸೆಕೆಂಡ್ ಆದ ಮೇಲೆ ಸುತ್ತಿಗೆ ಹೊಡೆದರೂ ಬರಲ್ಲ.

ಎಲ್ಲಾ ಜೋಡಿಸಿ, ಓಲಾಟ ಅಳೆಯೋ ಇಕ್ಕನ ಡಯಲ್ ಗೇಜ್ ತಂದು ಚಕ್‌ನಲ್ಲಿ ಒಂದು ನೇರ ಸರಳು ಹಿಡಿಸಿ ಕೈಯಲ್ಲಿ ತಿರುಗಿಸಿದೆ. ಮುಳ್ಳು 0.2 ಮಿಲಿಮೀಟರ್ ಅಲ್ಲಾಡುತ್ತಿತ್ತು. ಅಷ್ಟೆಲ್ಲಾ ಮಾಡಿಯೂ! ಒಂದು ದಿನ ಮಂಕಾಗಿ ಕೂತಿದ್ದೆ. ಆಮೇಲೆ ಚಕ್ಕನ್ನೇ ಬಿಚ್ಚಿ, ಅದು ಕೂರುವ ಸ್ಪಿಂಡಲ್ಲಿನ ತುದಿಯ ಟೇಪರ್ (ಒಳಕ್ಕೆ ಸಣ್ಣದಾಗುತ್ತಾ ಹೋಗುವ) ಗೂಡಿನೊಳಗೆ ಕಿರುಬೆರಳು ಹಾಕಿ ಸುತ್ತ ಸವರಿದೆ. ಒಂದು ಕಡೆ ಅಕ್ಕಿ ನುಚ್ಚಿನಷ್ಟು ದೊಡ್ಡ ಮುಳ್ಳು ತಾಗಿತು. ಯಾವಾಗಲೋ ಚಕ್ ಒಳಗೆ ಜಾರಿ ತಿರುಗಿ ಲೋಹ ಕಿತ್ತು ಎದ್ದು ನಿಂತಿದೆ. ನೀಲಿ ಬಣ್ಣ ಸವರಿ ಟೇಪರ್ ಒತ್ತಿ ತೆಗೆದರೆ ಆ ಒಂದೇ ಜಾಗದಲ್ಲಿ ನೀಲಿ ಅಳಿಸಿತ್ತು. ಸ್ಕ್ರೇಪರ್‌ನಲ್ಲಿ ಆ ಮುಳ್ಳನ್ನು ಮಾತ್ರ ಕೆರೆದೆ, ಮತ್ತೆ ನೀಲಿ, ಮತ್ತೆ ಕೆರೆತ, ಒಂದು ಮಧ್ಯಾಹ್ನ. ಈಗ 0.04. ನನ್ನ ಗೇಟಿನ ಕೀಲಿಗೆ ಇಷ್ಟು ಸಾಕು.

ಅಂದ ಹಾಗೆ ಆ ಗೂಡು ಮೋರ್ಸ್ ಟೇಪರ್ 2. ಸ್ಟೀಫನ್ ಮೋರ್ಸ್ ಅನ್ನೋ ಅಮೆರಿಕದವನ ಲೆಕ್ಕ, 1860ರ ದಶಕದ್ದು, ಸುಮಾರು 20ಕ್ಕೆ 1ರಂತೆ ಸಣ್ಣದಾಗುತ್ತಾ ಹೋಗುತ್ತದೆ. ಇಡೀ ಮಷಿನ್ನಿನಲ್ಲಿ ಇಂಚು ಮಿಲಿಮೀಟರ್ ಜಗಳಕ್ಕೆ ಸಿಗದೇ ಇದ್ದದ್ದು ಇದೊಂದೇ. ನಾನು ಮೊನ್ನೆ ತಂದ ಹೊಸ ಚಕ್ಕಿನ ಟೇಪರ್ ಒಂದು ಮಾತಿಲ್ಲದೇ ಕೂತಿತು.

ಬಣ್ಣದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಮೇಲೆ ಬೆಳ್ಳಿ ಬಣ್ಣ, ಅದರ ಕೆಳಗೆ ಹಸಿರು, ಎಲ್ಲಕ್ಕಿಂತ ಕೆಳಗೆ ಬೂದು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೆ ಒಣಗಿದ್ದನ್ನು ಗ್ರೈಂಡ್ ಮಾಡದೇ ಒದ್ದೆ ಮಾಡಿ ಕೆರೆದೆ. ರೆಡ್ ಆಕ್ಸೈಡ್ ಒಂದು ಕೋಟ್, ಬೂದು ಎರಡು ಕೋಟ್. ಮಳೆಯಲ್ಲಿ ಬಣ್ಣ ಒಣಗೋಕೆ ನಾಲ್ಕು ದಿನ, ಕೊನೆಗೆ ಹೊಗೆ ಅಟ್ಟದ ಕೆಳಗಿಟ್ಟು ಒಣಗಿಸಿದೆ. ಮೇಜಿನ ಮೇಲೆ ಹಳಬರು ತಪ್ಪಿ ಕೊರೆದ ಹನ್ನೊಂದು ಗುಂಡಿಗಳಿವೆ. ಅವನ್ನು ಮುಚ್ಚಿ ಕನ್ನಡಿ ಹಾಗೆ ಮಾಡು ಅಂದರು ಕೆಲವರು. ಕನ್ನಡಿ ಬಚ್ಚಲಿನಲ್ಲಿದೆ. ಮೇಜು ಮಟ್ಟವಾಗಿದ್ದರೆ ಸಾಕು, ಹನ್ನೆರಡನೆಯದು ನನ್ನದು ಬೀಳಬಾರದು ಅಷ್ಟೇ.

ಮೋಟಾರು ಇರಲಿಲ್ಲ. ಕುಶಾಲನಗರದಲ್ಲಿ ಅರ್ಧ ಎಚ್‌ಪಿ ಸಿಂಗಲ್ ಫೇಸ್ ಸಿಕ್ಕಿತು, ನಿಮಿಷಕ್ಕೆ 1440 ಸುತ್ತಿನದು. ಅದರ ಶಾಫ್ಟ್ 19 ಮಿಲಿಮೀಟರ್. ಮಷಿನ್ ಜೊತೆ ಬಂದ ಹಳೇ ಮೆಟ್ಟಿಲು ಪುಲ್ಲಿಯ ತೂತು ಮುಕ್ಕಾಲು ಇಂಚು. ಲೆಕ್ಕ ಹಾಕಿ, ನಡುವೆ ಬರೀ 0.05. ಕೀಲಿ ಇದೆ, ಬಿಗಿಯೋಕೆ ಸ್ಕ್ರೂ ಇದೆ, ಬಿಟ್ಟುಬಿಟ್ಟೆ. ಇಕ್ಕನಿಗೆ ಹೇಳಿಲ್ಲ. ವೇಗ ಕಡಿಮೆ ಮಾಡೋಕೆ ಬೆಲ್ಟನ್ನು ಮೋಟಾರಿನ ಸಣ್ಣ ಮೆಟ್ಟಿಲಿಗೂ ಸ್ಪಿಂಡಲ್ಲಿನ ದೊಡ್ಡ ಮೆಟ್ಟಿಲಿಗೂ ಹಾಕೋದು. ಕಬ್ಬಿಣಕ್ಕೆ 12 ಮಿಲಿಮೀಟರ್ ಡ್ರಿಲ್ ಬಿಟ್ ಆದರೆ 650 ಸುತ್ತಿನ ಆಸುಪಾಸು, 6ರದ್ದಾದರೆ ಅದರ ಎರಡರಷ್ಟು. ಕೈ ಡ್ರಿಲ್ಲಿನ ಅಭ್ಯಾಸದವರು ಎಲ್ಲಕ್ಕೂ ಫುಲ್ ಸ್ಪೀಡ್ ಕೊಟ್ಟು ಡ್ರಿಲ್ ಬಿಟ್ಟಿನ ಮೂತಿ ಸುಟ್ಟು ನೀಲಿ ಮಾಡುತ್ತಾರೆ, ನಾನೂ ಆ ಜಾತಿಯವನೇ ಆಗಿದ್ದೆ.

ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಎರಡು ದಿನ ಮೊದಲು ಮುಗಿಯಿತು. ಸೆಪ್ಟೆಂಬರ್ 3ಕ್ಕೆ ಎಂದಿನ ಹಾಗೆ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲಾ ಒರೆಸಿ ಇಟ್ಟು ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿದ್ದಾಯಿತು. ಡ್ರಿಲ್ಲನ್ನು ಒಳಗೆ ಹೊತ್ತು ತರೋಕೆ ಆಗಲ್ಲ, ಅದರ ಪಾಡಿಗೆ ಗೋದಾಮಿನಲ್ಲಿತ್ತು. ಕಡಂಬುಟ್ಟು ತಿಂದು ಮಧ್ಯಾಹ್ನ ಆ ಕಡೆ ಹೋದರೆ ಮಷಿನ್ನಿನ ಹಿಡಿಗೆ ಯಾರೋ ಒಂದು ತೋಕ್‌ಪೂ ಸಿಕ್ಕಿಸಿದ್ದರು. ಮನೆಯಲ್ಲಿ ಅವತ್ತು ಇದ್ದದ್ದು ನಾನು ಮತ್ತೆ ಅವ್ವ.

ಮರುವಾರ ಮಾವ ಒಂದು ಕಬ್ಬಿಣದ ಪಟ್ಟಿ ಹಿಡಿದುಕೊಂಡು ಬಂದರು. ಹೊಸ ಶೆಡ್ಡಿನ ಬಾಗಿಲಿಗೆ ಹಳೇ ಕೀಲುಗಳನ್ನೇ ಹಾಕುತ್ತಾರಂತೆ, ಅದರ ಹಳೇ ಬೋಲ್ಟುಗಳಿಗೆ ಸರಿಯಾಗಿ ನಾಲ್ಕು ತೂತು ಬೇಕು. "3/8 ಇಂಚು, ಸರಿಯಾಗಿ ಇರಲಿ" ಅಂದರು. ನಾನು ಡ್ರಿಲ್ ಬಿಟ್ಟುಗಳ ಡಬ್ಬಿ ತೆಗೆದೆ. 6, 8, 10, 12. ಎಲ್ಲಾ ಮಿಲಿಮೀಟರ್.